ಕರಟದ ಇದ್ದಿಲು ಕೊಳ್ಳುವ ಮುಂಚೆ

ಹೊಗೆಯಿಲ್ಲ, ವಾಸನೆಯಿಲ್ಲ, ಬೂದಿಯಿಲ್ಲ, ನಾಲ್ಕು ಗಂಟೆ ಉರಿಯುತ್ತದೆ, ನೂರಕ್ಕೆ ನೂರು ತೆಂಗಿನ ಕರಟ. ಗ್ರಿಲ್‌ಗೆಂದು ಮಾರುವ ಇದ್ದಿಲಿನ ಚೀಲಗಳ ಮೇಲೆ ಈಗ ಇಂಥ ಮಾತುಗಳೇ ಅಚ್ಚಾಗಿರುತ್ತವೆ. ಮರದ ಇದ್ದಿಲಿಗಿಂತ ಬೆಲೆಯೂ ಹೆಚ್ಚು. ಕೊಳ್ಳುವವರಿಗೆ ಅನುಮಾನ ಬರುವುದು ಸಹಜ, ಬರಲೇಬೇಕು. ಆದರೆ ಬಹಳಷ್ಟು ಸಲ ಅದು ಬರಬೇಕಾದ ಕಡೆ ಬರುವುದಿಲ್ಲ. ಅಚ್ಚಿನ ಇದ್ದಿಲನ್ನು ನೀರಿನಲ್ಲಿ ನೆನೆಹಾಕಿ, ಅದು ಕುಸಿದು ಕೆಸರಾದದ್ದನ್ನು ನೋಡಿ ಮೋಸ ಎನ್ನುತ್ತಾರೆ. ಚೀಲದ ತಳದಲ್ಲಿ ಪುಡಿ ಸಿಕ್ಕಿತೆಂದು ವಾಪಸು ಕೊಡಲು ಹೋಗುತ್ತಾರೆ. ಬೂದಿಯೇ ಇಲ್ಲ ಎಂಬ ಮಾತನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ನೀರಿನಲ್ಲಿ ಕುಸಿಯುವುದು ಅಂಟಿನ ಗುಣ. ಇದ್ದಿಲುಪುಡಿ ತಾನಾಗಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಮರಗೆಣಸಿನ ಹಿಟ್ಟಿನ ಗಂಜಿ ಕಲಸಿ, ಅಚ್ಚಿಗೆ ಒತ್ತಿ, ಒಣಗಿಸಿದಾಗ ಬ್ರಿಕೆಟ್ ಆಗುತ್ತದೆ. ಗಂಜಿ ನೀರು ಕುಡಿದು ಬಿಟ್ಟುಕೊಳ್ಳುವುದರಲ್ಲಿ ಮೋಸವೇನೂ ಇಲ್ಲ. ಪ್ರಶ್ನೆ ಕೇಳಬೇಕಾದದ್ದು ‘ನೂರಕ್ಕೆ ನೂರು’ ಎಂದು ಬರೆದವರನ್ನು. ಗಂಜಿ ಹಾಕಿದ್ದೇವೆ, ಇಷ್ಟು ಹಾಕಿದ್ದೇವೆ ಎಂದು ಹೇಳುವ ವ್ಯಾಪಾರಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಇನ್ನು ಬೂದಿ. ಒಣಗಿದ ಕರಟದ ತೂಕದಲ್ಲಿ ಖನಿಜಾಂಶ ನೂರಕ್ಕೆ ಒಂದಕ್ಕಿಂತ ಕಡಿಮೆ. ಗಾಳಿಯಾಡದಂತೆ ಸುಟ್ಟಾಗ ನೀರು, ಟಾರು, ಅನಿಲ ಹೊರಟುಹೋಗಿ, ಮೂರು ಕಿಲೋ ಕರಟಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಇದ್ದಿಲು ದಕ್ಕುತ್ತದೆ. ಖನಿಜ ಮಾತ್ರ ಅದರಲ್ಲೇ ಉಳಿಯುವುದರಿಂದ ಅದರ ಪಾಲು ಮೂರು ಪಟ್ಟಾಗುತ್ತದೆ. ಅಂದರೆ ಚೊಕ್ಕವಾದ ಕರಟದ ಇದ್ದಿಲಿನಲ್ಲೂ ಶೇ 2ರ ಆಸುಪಾಸು ಬೂದಿ ಇದ್ದೇ ಇರುತ್ತದೆ. ಬೂದಿಯೇ ಇಲ್ಲ ಎನ್ನುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ತಮ್ಮ ಸರಕನ್ನು ಒಮ್ಮೆಯೂ ಪೂರ್ತಿ ಉರಿಸಿ ನೋಡಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಡುಗೆಮನೆಯ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಅಂಗಳದಲ್ಲಿ ಒಂದು ಕಬ್ಬಿಣದ ತಟ್ಟೆಯ ಮೇಲೆ ಪೂರಾ ಬೂದಿಯಾಗುವವರೆಗೆ ಉರಿಸಿ, ಆರಿದ ಮೇಲೆ ಮತ್ತೆ ತೂಗಿ. ಎರಡರಿಂದ ನಾಲ್ಕು ಗ್ರಾಂ ಉಳಿದು ಬಣ್ಣ ಬಿಳಿ ಅಥವಾ ತಿಳಿ ಬೂದುಬಣ್ಣ ಇದ್ದರೆ ಆ ಚೀಲ ಚೆನ್ನಾಗಿದೆ. ಹತ್ತು ಗ್ರಾಂ ದಾಟಿ, ಕೆಂಪು ಅಥವಾ ಕಂದು ಛಾಯೆ ಕಂಡರೆ ಒಳಗೆ ಮಣ್ಣು ಸೇರಿದೆ. ‘ಯುರೋಪಿನ ಗುಣಮಟ್ಟ’ ಎಂಬ ಮುದ್ರೆ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅಲ್ಲಿನ ಇಎನ್ 1860 ಮಾನದಂಡ ತುಂಡು ಇದ್ದಿಲಿನಲ್ಲಿ ಶೇ 8ರವರೆಗೆ, ಬ್ರಿಕೆಟ್‌ನಲ್ಲಿ ಶೇ 18ರವರೆಗೆ ಬೂದಿಯನ್ನು ಒಪ್ಪುತ್ತದೆ. ಕರಟಕ್ಕೆ ಅದು ತೀರಾ ಸಡಿಲ ಅಳತೆ.

ಮಣ್ಣು ಬೇಕೆಂದೇ ಬೆರೆಸಿದ್ದಾಗಿರಬಹುದು, ಸುಡುವ ರೀತಿಯಿಂದಲೂ ಬಂದಿರಬಹುದು. ತಿಪಟೂರು, ಅರಸೀಕೆರೆ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಹತ್ತಿರಹತ್ತಿರ ಒಂದು ವರ್ಷ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲುಗಾಡತೊಡಗಿದ ಮೇಲೆ ಸುಲಿದು ಒಡೆಯುತ್ತಾರೆ. ಹಾಗೆ ಸಿಗುವ ಕರಟ ಚೆನ್ನಾಗಿ ಬಲಿತದ್ದು, ಒಣಗಿದ್ದು, ಇದ್ದಿಲಿಗೆ ಹೇಳಿ ಮಾಡಿಸಿದ್ದು. ಅದನ್ನೇ ಬರಿ ಮಣ್ಣಿನ ಗುಂಡಿಯಲ್ಲಿ ಸುಟ್ಟು ಮೇಲೆ ಮಣ್ಣು ಮುಚ್ಚಿದರೆ ಇದ್ದಿಲಿನ ಜತೆ ಮಣ್ಣೂ ಚೀಲ ಸೇರುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ತಳದಿಂದ ಒಂದೊಂದೇ ಗಾಳಿಕಿಂಡಿ ಮುಚ್ಚುತ್ತ ಸುಟ್ಟದ್ದು ಚೊಕ್ಕವಾಗಿರುತ್ತದೆ. ಬೆಂಕಿ ಆರಿಸಲು ನೀರು ಸುರಿದು, ಪೂರ್ತಿ ಒಣಗಿಸದೆ ತುಂಬುವವರೂ ಇದ್ದಾರೆ. ಆಗ ನಾವು ಇದ್ದಿಲಿನ ದರದಲ್ಲಿ ನೀರು ಕೊಳ್ಳುತ್ತೇವೆ. ಆದ್ದರಿಂದ ಎಲ್ಲಿಯ ಕರಟ, ಗುಂಡಿಯಲ್ಲಿ ಸುಟ್ಟದ್ದೋ ಡ್ರಮ್ಮಿನಲ್ಲೋ ಎಂದು ಕೇಳಿ. ಸರಕು ಬಲ್ಲವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಾರೆ.

ಕಲಬೆರಕೆಗೆ ಬಲವಾದ ಕಾರಣವೂ ಇದೆ. ಒಂದು ಟನ್ ಇದ್ದಿಲಿಗೆ ಸುಮಾರು 30,000 ಕಾಯಿಗಳ ಕರಟ ಬೇಕು. ನೀರಿನ ಫಿಲ್ಟರ್‌ಗೆ, ಚಿನ್ನದ ಗಣಿಗಳಿಗೆ, ಅನಿಲ ಮುಖವಾಡಗಳಿಗೆ ಬೇಕಾದ ಸಕ್ರಿಯ ಇಂಗಾಲ ತಯಾರಿಸುವ ಕಾರ್ಖಾನೆಗಳೂ ಇದೇ ಇದ್ದಿಲಿಗೆ ಕೈಚಾಚುತ್ತವೆ. ಗ್ರಿಲ್ಲಿನವರು ಅವರೊಂದಿಗೆ ಪೈಪೋಟಿ ಮಾಡಬೇಕು. ಹೀಗಿರುವಾಗ ಅಗ್ಗದ ಮರದ ಇದ್ದಿಲುಪುಡಿಯನ್ನು ಅಚ್ಚಿಗೆ ಸೇರಿಸುವ ಆಸೆ ಹುಟ್ಟುತ್ತದೆ. ಅಚ್ಚಾದ ಮೇಲೆ ಅದನ್ನು ಕಣ್ಣಿನಿಂದ ಗುರುತಿಸುವುದು ಅಸಾಧ್ಯ. ಇದೇ ಕಾರಣಕ್ಕೆ, ಹೊಸ ವ್ಯಾಪಾರಿಯಿಂದ ಮೊದಲ ಸಲ ಕೊಳ್ಳುವಾಗ ನಾನು ಅಚ್ಚಿನದನ್ನು ಮುಟ್ಟದೆ ಬಿಡಿ ಚಿಪ್ಪಿನ ಇದ್ದಿಲನ್ನೇ ಕೇಳುತ್ತೇನೆ. ಅದರ ಬಾಗಿದ ಆಕಾರವೇ ಅದಕ್ಕೆ ಸಾಕ್ಷಿ. ಮುರಿದರೆ ಟಕ್ಕೆಂದು ಮುರಿಯಬೇಕು, ಮುರಿದ ಅಂಚು ಹೊಳೆಯಬೇಕು. ಅಂಚಿನಲ್ಲಿ ಕಂದು ಬಣ್ಣ ಉಳಿದಿದ್ದರೆ ಅರೆಸುಟ್ಟದ್ದು. ಅದು ಹೊಗೆ ಕಕ್ಕುತ್ತದೆ, ಆ ಹೊಗೆಯ ಕಹಿ ಮೀನಿಗೂ ರೊಟ್ಟಿಗೂ ಹತ್ತುತ್ತದೆ.

ಬಿಡಿ ಚಿಪ್ಪು ನಾಲ್ಕು ಗಂಟೆ ಉರಿಯುವುದಿಲ್ಲ. ತೆಳುವಾದ ಸರಕು, ಬೇಗ ಹತ್ತಿಕೊಂಡು, ಜೋರಾಗಿ ಕಾದು, ಬೇಗ ಮುಗಿಯುತ್ತದೆ. ಬಂಗುಡೆ, ಸೀಗಡಿ, ಬದನೆಕಾಯಿ, ಹಪ್ಪಳಕ್ಕೆ ಅದಕ್ಕಿಂತ ಒಳ್ಳೆಯ ಕೆಂಡ ನನಗೆ ಗೊತ್ತಿಲ್ಲ. ಇಡೀ ಕೋಳಿಗೋ ಕುರಿಯ ತೊಡೆಗೋ ಹದವಾದ ಕಾವು ಗಂಟೆಗಟ್ಟಲೆ ನಿಲ್ಲಬೇಕು, ಅಲ್ಲಿ ಅಚ್ಚಿನದೇ ಸರಿ. ನಾಲ್ಕು ಗಂಟೆಯ ಮಾತನ್ನು ಬಿಡಿ ಚಿಪ್ಪಿನ ಚೀಲದ ಮೇಲೂ ಅಚ್ಚು ಹಾಕಿದ್ದರೆ, ಬರೆದವರಿಗೆ ಎರಡರ ವ್ಯತ್ಯಾಸವೇ ತಿಳಿದಿಲ್ಲ.

ಕರಟದ ಇದ್ದಿಲಿನಿಂದ ಕಬಾಬಿಗೆ ತೆಂಗಿನ ಘಮ ಬರುತ್ತದೆ ಎಂದೂ ಕೆಲವರು ಹೇಳುತ್ತಾರೆ. ಘಮ ಕೊಡುವ ಅಂಶಗಳೆಲ್ಲ ಸುಡುವಾಗಲೇ ಹೊಗೆಯಾಗಿ ಹೋಗಿರುತ್ತವೆ. ಬೆಂಗಳೂರಿನ ಮಸೀದಿ ರಸ್ತೆಯಲ್ಲಿ ರಂಜಾನಿನ ಸಂಜೆ ಮೂಗಿಗೆ ಬಡಿಯುವ ಪರಿಮಳ ಮಾಂಸದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದದ್ದು. ಕೆಂಡದ ಕೆಲಸ ಬಿಸಿ ಕೊಡುವುದು, ತನ್ನ ರುಚಿಯನ್ನು ಸೇರಿಸದಿರುವುದು. ಆ ಕೊಬ್ಬಿನಿಂದ ಹೊಗೆಯೂ ಏಳುತ್ತದೆ. ಹಾಗಾಗಿ ಹೊಗೆಯಿಲ್ಲ ಎಂಬ ಮಾತು ಚೆನ್ನಾಗಿ ಹತ್ತಿಕೊಂಡ ಬರಿಯ ಕೆಂಡಕ್ಕೆ ಹತ್ತಿರಹತ್ತಿರ ನಿಜ, ಮಾಂಸ ಇಟ್ಟ ಮೇಲೆ ನಿಜವಲ್ಲ.

ಚೀಲ ಬಿಚ್ಚಿ ಒಂದು ತುಂಡು ಉರಿಸಿ ನೋಡುತ್ತೇನೆ ಎಂದರೆ ಒಪ್ಪುವ ವ್ಯಾಪಾರಿಯ ಹತ್ತಿರ ಬೆಲೆ ತುಸು ಹೆಚ್ಚಾದರೂ ಕೊಳ್ಳಿ. ನಮ್ಮ ಇಸ್ತ್ರಿ ಅಂಗಡಿಯವರೂ ಅಕ್ಕಸಾಲಿಗರೂ ಕರಟದ ಇದ್ದಿಲನ್ನು ಕೈಯಲ್ಲಿ ಹಿಡಿದು, ಮುರಿದು, ನೋಡಿಯೇ ಕೊಳ್ಳುತ್ತಿದ್ದರು. ಅದನ್ನು ಯಾರೂ ಅವಮಾನವೆಂದು ತಿಳಿಯುತ್ತಿರಲಿಲ್ಲ.

ಒಂದು ಮಾತಿಗೆ ಮಾತ್ರ ಪರೀಕ್ಷೆಯ ಅಗತ್ಯವಿಲ್ಲ. ‘ಹೊಗೆಯಿಲ್ಲದ್ದರಿಂದ ಮನೆಯೊಳಗೂ ಬಳಸಬಹುದು’ ಎಂದು ಬರೆದ ಚೀಲವನ್ನು ಅಲ್ಲೇ ಬಿಟ್ಟು ಬನ್ನಿ. ಯಾವ ಇದ್ದಿಲೇ ಆಗಲಿ, ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋದದ್ದು ನಮ್ಮಲ್ಲೂ ಚಳಿಗಾಲದಲ್ಲಿ ಸುದ್ದಿಯಾಗುತ್ತಲೇ ಇರುತ್ತದೆ. ಒಲೆ ಅಂಗಳದಲ್ಲೋ ತಾರಸಿಯ ಮೇಲೋ ಇರಲಿ. ಅಡುಗೆ ಮುಗಿದ ಮೇಲೆ ಉಳಿದ ಕೆಂಡವನ್ನು ಚಳಿ ಕಾಯಿಸಿಕೊಳ್ಳಲೆಂದು ಒಳಗೆ ತರಬೇಡಿ.