ಬ್ಯಾಟರಿ ಜಪ ಸಾಕು

ವಿದ್ಯುತ್ ಹಡಗಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಬ್ಯಾಟರಿಯ ಬೆಲೆ. ಅದು ಅಗ್ಗವಾದ ದಿನ ಸಮುದ್ರದ ಮೇಲಿನ ಡೀಸೆಲ್ ಹೊಗೆ ನಿಲ್ಲುತ್ತದೆಂಬ ನಂಬಿಕೆ ಪತ್ರಿಕೆಗಳಿಂದ ಕಾಲೇಜಿನ ಪ್ರಾಜೆಕ್ಟ್ ವರದಿಗಳವರೆಗೆ ಬೇರೂರಿದೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಕಿಲೋ ಡೀಸೆಲ್‌ನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋದರೂ ಐದು ಯೂನಿಟ್ ಕೈಗೆ ಸಿಗುತ್ತದೆ. ಹಡಗಿಗೆ ಕೂರಿಸುವ ಲಿಥಿಯಂ ಬ್ಯಾಟರಿ ಕಿಲೋಗೆ ಒಂದು ಯೂನಿಟ್ಟಿನ ಐದನೇ ಒಂದು ಪಾಲು ಕೊಟ್ಟರೆ ಹೆಚ್ಚು. ಬೆಲೆ ಇಳಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ.

ಬ್ಯಾಟರಿ ಆರಿಸುವಾಗಲೂ ಬೆಲೆಯೊಂದೇ ಮುಖ್ಯವಲ್ಲ. 2023ರಲ್ಲಿ ಶುರುವಾದ ಕೊಚ್ಚಿ ಜಲಮೆಟ್ರೊದ ದೋಣಿಗಳಲ್ಲಿರುವುದು ಲಿಥಿಯಂ ಟೈಟನೇಟ್ ಬ್ಯಾಟರಿ. ಕಿಲೋ ಲೆಕ್ಕದಲ್ಲಿ ಇದು ಉಳಿದ ಲಿಥಿಯಂ ಬ್ಯಾಟರಿಗಳಿಗಿಂತ ಕಡಿಮೆ ಶಕ್ತಿ ಹಿಡಿಯುವ ಜಾತಿ. ಆದರೂ ಅದನ್ನೇ ಆರಿಸಿದರು. ಬೇಗ ಚಾರ್ಜ್ ಆಗುತ್ತದೆ, ಸಾವಿರಾರು ಸಲ ತುಂಬಿ ಬರಿದು ಮಾಡಿದರೂ ಬಾಳುತ್ತದೆ, ಬೆಂಕಿಯ ಭಯ ಕಡಿಮೆ.

'ಸಮುದ್ರವಿಲ್ಲದ ಊರಿಗೆ ಇದೆಲ್ಲ ಯಾಕ್ರೀ?' ಎನ್ನುವ ಹುಬ್ಬಳ್ಳಿಯವರು ತಮ್ಮೂರಿನ ಡೀಸೆಲ್ ಲೋಕೋ ಶೆಡ್ ನೆನೆಯಲಿ. 1990ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದ ಡಬ್ಲ್ಯೂಡಿಜಿ-4 ಲೋಕೋದಲ್ಲಿ 4000 ಅಶ್ವಶಕ್ತಿಯ ಎಂಜಿನ್‌ಗೂ ಗಾಲಿಗೂ ನೇರ ನಂಟಿಲ್ಲ. ಎಂಜಿನ್ ಆಲ್ಟರ್ನೇಟರ್ ತಿರುಗಿಸುತ್ತದೆ, ರೆಕ್ಟಿಫೈಯರ್ ಅದರ ಎಸಿಯನ್ನು ಡಿಸಿ ಮಾಡುತ್ತದೆ, ಇನ್ವರ್ಟರ್ ಆ ಡಿಸಿಯನ್ನು ಬೇಕಾದ ಫ್ರೀಕ್ವೆನ್ಸಿಯ ಮೂರು ಫೇಸ್ ಎಸಿಯಾಗಿಸಿ ಮೋಟಾರಿಗೆ ಕೊಡುತ್ತದೆ. ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ಘಟ್ಟದಲ್ಲಿ 37 ಅಡಿಗೆ ಒಂದಡಿ ಏರು. ಅಲ್ಲಿ ಮಳೆಗಾಲದ ಒದ್ದೆ ಹಳಿಯ ಮೇಲೆ ಗಾಲಿ ಜಾರದಂತೆ ಮೋಟಾರಿನ ಬಲವನ್ನು ಕ್ಷಣಕ್ಷಣಕ್ಕೂ ತಿದ್ದುವ ಕೆಲಸ ಇನ್ವರ್ಟರಿನದು, ಬ್ಯಾಟರಿಯದಲ್ಲ.

ಗಾಲಿಯ ಜಾಗದಲ್ಲಿ ಪ್ರೊಪೆಲ್ಲರ್ ಇಟ್ಟರೆ ಡೀಸೆಲ್-ಎಲೆಕ್ಟ್ರಿಕ್ ಹಡಗಿನ ಮೂಲ ಸರಪಳಿ ಇದೇ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ 3800 ಟನ್ನಿನ ಆರು ಇಂಥ ಹಡಗುಗಳ ಆರ್ಡರ್ ಕೊಟ್ಟಿತು. ರೆಕ್ಟಿಫೈಯರ್-ಇನ್ವರ್ಟರ್ ನಡುವೆ ಡಿಸಿ ತಂತಿ ಇದ್ದರೆ ಬ್ಯಾಟರಿಯನ್ನು ಕನ್ವರ್ಟರ್ ಮೂಲಕ ಅಲ್ಲಿಗೆ ಜೋಡಿಸಬಹುದು. ಒಮ್ಮೆಲೇ ಹೆಚ್ಚು ಬಲ ಬೇಕಾದಾಗ ಅದು ಕೊಡುತ್ತದೆ, ಎಂಜಿನ್ ತನಗೆ ಹಿತವಾದ ಹೊರೆಯಲ್ಲೇ ಓಡುತ್ತದೆ. ದೂರ ಸಾಗುವ ಹಡಗಿನಲ್ಲಿ ಬ್ಯಾಟರಿಗೆ ಇಷ್ಟೇ ಪಾತ್ರ, ಅದೇನೂ ಸಣ್ಣದಲ್ಲ. ಹಾಗೆಂದು ಲೋಕೋದ ಇನ್ವರ್ಟರನ್ನು ಬಿಚ್ಚಿ ಹಡಗಿಗೆ ಹಾಕಲಾಗದು, ಉಪ್ಪುಗಾಳಿ ಬಿಡುವುದಿಲ್ಲ. ಆದರೆ ಇನ್ವರ್ಟರನ್ನು ಬಲ್ಲ ಕೈಗಳು ಹುಬ್ಬಳ್ಳಿಯಲ್ಲಿವೆ.

ದಡದ ಕಥೆಯನ್ನಂತೂ ಯಾರೂ ಕೇಳುವುದಿಲ್ಲ. 2015ರಲ್ಲಿ ನಾರ್ವೆಯಲ್ಲಿ ಓಡತೊಡಗಿದ ಆಂಪೆರೆ ಎಂಬ ಬ್ಯಾಟರಿ ದೋಣಿ ಹತ್ತು ನಿಮಿಷದಲ್ಲಿ ಚಾರ್ಜ್ ಆಗಬೇಕಿತ್ತು. ಹಳ್ಳಿಯ ವಿದ್ಯುತ್ ಜಾಲಕ್ಕೆ ಅಷ್ಟು ತ್ರಾಣವಿರಲಿಲ್ಲ, ಹಾಗಾಗಿ ಎರಡೂ ದಡದಲ್ಲಿ ಬೇರೆ ಬ್ಯಾಟರಿ ಇಟ್ಟರು. ಮಂಗಳೂರಿನ ನೇತ್ರಾವತಿ-ಗುರುಪುರ ಜಲಮೆಟ್ರೊ ಪ್ರಸ್ತಾವವನ್ನು ಓದುವವರು ಜೆಟ್ಟಿಗೆ ಬರುವ ಕರೆಂಟಿನ ಪುಟವನ್ನು ಮೊದಲು ತೆರೆಯಲಿ.

ಐಐಟಿ ಧಾರವಾಡ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೊಂದು ವಿನಂತಿ: ಮುಂದಿನ ಪ್ರಾಜೆಕ್ಟಿಗೆ ಬ್ಯಾಟರಿ ಪ್ಯಾಕ್ ಕೊಳ್ಳುವ ಮುನ್ನ ರೈಲ್ವೆಯ ಅನುಮತಿ ಪಡೆದು ಲೋಕೋ ಶೆಡ್ಡಿಗೆ ಹೋಗಿ, ಅಲ್ಲಿ ಇನ್ವರ್ಟರ್ ರಿಪೇರಿ ಮಾಡುವವರನ್ನು ಮಾತಾಡಿಸಿ.