‘ಆಯ್ತು ಸಾರ್’ ಯಾವ ಖಾನೆಗೆ?

ನಮ್ಮ ಸೈಟಿನ ಸೋಮವಾರದ ಮೀಟಿಂಗು. ಟಾಯ್ಲೆಟ್ ಸ್ಲೀವ್‌ಗಳ ಜಾಗ ಬದಲಾಗಿದೆ ಅಂತ ಕನ್ಸಲ್ಟೆಂಟ್ ಇಂಗ್ಲಿಷಿನಲ್ಲಿ ವಿವರಿಸಿದರು. ಪ್ಲಂಬಿಂಗ್ ಮೇಸ್ತ್ರಿ ‘ಆಯ್ತು ಸಾರ್’ ಅಂದ್ರು. ನಾನು ಮಿನಿಟ್ಸ್‌ನಲ್ಲಿ ‘ಒಪ್ಪಲಾಯಿತು’ ಅಂತ ಬರೆದೆ. ಮೋಲ್ಡ್ ಹಾಕಿದ ಮೇಲೆ ನೋಡಿದ್ರೆ ಸ್ಲೀವ್‌ಗಳೆಲ್ಲ ಹಳೇ ಜಾಗದಲ್ಲೇ! ಕೋರ್ ಕಟಿಂಗ್ ಮಾಡಿಸಬೇಕಾಯ್ತು. ಬೈಗುಳ ಮಾತ್ರ ಮೇಸ್ತ್ರಿಗೆ.

ಕಟ್ಟಡದವರ ಮಾತುಕತೆಯನ್ನು ಅಧ್ಯಯನ ಮಾಡೋದು ಹೇಗೆ? ಕ್ರಿಸ್ಟೊಫರ್ ಗೋರ್ಸ್ ಮತ್ತು ಸ್ಟೀಫನ್ ಎಮ್ಮಿಟ್ ಬರೆದ ‘ಕಮ್ಯುನಿಕೇಷನ್ ಇನ್ ಕನ್‌ಸ್ಟ್ರಕ್ಷನ್ ಟೀಮ್ಸ್’ (2007) ಇದಕ್ಕೆ ಹಾರ್ವರ್ಡ್‌ನ ರಾಬರ್ಟ್ ಬೇಲ್ಸ್ 1950ರಲ್ಲಿ ಪ್ರಕಟಿಸಿದ ವಿಧಾನವನ್ನು ಬಳಸುತ್ತದೆ. ಮೀಟಿಂಗಿನಲ್ಲಿ ಕೂತು, ಪ್ರತಿ ಮಾತನ್ನೂ 12 ಖಾನೆಗಳಲ್ಲಿ ಒಂದಕ್ಕೆ ಹಾಕಬೇಕು. ಆರು ಖಾನೆ ಕೆಲಸದ ಮಾತಿಗೆ: ಕೇಳೋದು, ಹೇಳೋದು. ಉಳಿದ ಆರು ಭಾವನೆಗೆ: ಒಪ್ಪೋದು, ನಗೋದು, ಸಿಡುಕೋದು, ಹೀಗೆ.

ಈ ವಿಧಾನದ ಬಗ್ಗೆ ನನಗೆ ಗೌರವವಿದೆ. ಪ್ರಶ್ನಾವಳಿ ಕೊಟ್ಟರೆ ‘ನಮ್ಮ ಟೀಮಲ್ಲಿ ಕಮ್ಯುನಿಕೇಷನ್ ಚೆನ್ನಾಗಿದೆ’ ಅಂತಲೇ ಎಲ್ಲರೂ ಟಿಕ್ ಮಾಡ್ತಾರೆ. ಬೇಲ್ಸ್ ಜನರ ಅಭಿಪ್ರಾಯ ಕೇಳೋದಿಲ್ಲ, ನಡೆದದ್ದನ್ನು ಎಣಿಸ್ತಾನೆ. ಯಾರು ಎಷ್ಟು ಮಾತಾಡಿದರು, ಯಾರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅನ್ನೋದು ಕಣ್ಣಿಗೆ ಕಾಣುತ್ತೆ.

ತಕರಾರು ಇರೋದು ಮೂರನೇ ಖಾನೆಯಲ್ಲಿ. ಅದರ ಹೆಸರು ‘ಒಪ್ಪಿಗೆ’. ಆದರೆ ಅರ್ಥಮಾಡಿಕೊಂಡು ಒಪ್ಪಿದವರು, ಸುಮ್ಮನೆ ತಲೆಯಾಡಿಸಿದವರು, ಹೇಳಿದ್ದಕ್ಕೆ ವಿಧೇಯರಾದವರು ಎಲ್ಲರೂ ಅಲ್ಲೇ ಬೀಳ್ತಾರೆ. ಬೇಲ್ಸ್ ಪ್ರಯೋಗಾಲಯದ ಸಣ್ಣ ಗುಂಪುಗಳಿಗೆ ಅಷ್ಟು ಸಾಕಾಗಿರಬಹುದು. ಬಿಲ್ ಪಾಸ್ ಮಾಡೋ ಮನುಷ್ಯ ಎದುರಿಗೇ ಕೂತಿರೋ ಮೀಟಿಂಗಿಗೆ ಸಾಲದು. ಅಲ್ಲಿ ‘ಆಯ್ತು ಸಾರ್’ ಅಂದ್ರೆ ‘ಗೊತ್ತಾಗಲಿಲ್ಲ, ಆಮೇಲೆ ಕೇಳ್ತೀನಿ’ ಅಂತಲೂ ಇರಬಹುದು.

‘ಆಮೇಲೆ’ ಯಾರನ್ನ ಕೇಳಿದರು ಅನ್ನೋದಕ್ಕೆ ಇನ್ನೊಂದು ವಿಧಾನವಿದೆ: ಸೋಷಿಯಲ್ ನೆಟ್‌ವರ್ಕ್ ಅನಾಲಿಸಿಸ್. ಸ್ಟೀಫನ್ ಪ್ರೈಕ್ ಅದನ್ನು ಕಟ್ಟಡ ಯೋಜನೆಗಳಿಗೆ ಅನ್ವಯಿಸಿ 2012ರಲ್ಲಿ ಪುಸ್ತಕವನ್ನೇ ಬರೆದರು. ಯಾರಿಂದ ಯಾರಿಗೆ ಮಾಹಿತಿ ಹೋಯ್ತು ಅನ್ನೋದರ ನಕ್ಷೆ ಅದು. ಆದರೆ ಗೆರೆ ಎಳೆದ ಮಾತ್ರಕ್ಕೆ ವಿಷಯ ಅರ್ಥವಾಯ್ತು ಅಂತೇನಲ್ಲ.

ಹಾಗಾಗಿ ಎಣಿಕೆಯೂ ಬೇಕು, ನಕ್ಷೆಯೂ ಬೇಕು. ಅವೆರಡರ ಜೊತೆ ಮಾರನೇ ದಿನ ಹೋಗಿ ‘ನಿನ್ನೆ ಏನು ತೀರ್ಮಾನ ಆಯ್ತು, ನೀವೇ ಹೇಳಿ’ ಅಂತ ಕೇಳೋದೂ ಬೇಕು.

ಈಗ ನಾನು ಮೋಲ್ಡ್ ಹಾಕೋ ಮುಂಚೆ ಮೇಸ್ತ್ರಿ ಕೈಗೆ ಚಾಕ್‌ಪೀಸ್ ಕೊಡ್ತೀನಿ. ಸ್ಲೀವ್ ಎಲ್ಲಿ ಬರುತ್ತೆ ಅಂತ ಅವರೇ ಸೆಂಟ್ರಿಂಗ್ ಮೇಲೆ ಗುರುತು ಹಾಕಬೇಕು. ‘ಒಪ್ಪಲಾಯಿತು’ ಅಂತ ಬರೆಯೋದು ಆಮೇಲೆ.