ರಾಜ ಸಿಕ್ಕ, ಹುಲಿ ಎಲ್ಲಿ?

2020ರ ಮಾರ್ಚ್ 20ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ 'ಟೈಗರ್ ಕಿಂಗ್' ಬಂತು. ಐದು ದಿನಕ್ಕೆ ನಮ್ಮಲ್ಲಿ ಲಾಕ್‌ಡೌನ್. ಹಾಲು ತರೋಕೂ ಹೆದರಿಕೆ. ಲ್ಯಾಪ್‌ಟಾಪ್ ಮುಚ್ಚಿದ್ರೆ ಟೀವಿ, ಟೀವಿ ಆರಿಸಿದ್ರೆ ಲ್ಯಾಪ್‌ಟಾಪ್. ಏಳು ಕಂತನ್ನೂ ಎರಡೇ ರಾತ್ರಿಯಲ್ಲಿ ಮುಗಿಸಿದೆ. ಮೂರನೇ ದಿನ ಬೆಳಿಗ್ಗೆ ಟೀಮ್ ಕಾಲ್‌ನಲ್ಲಿ ನನ್ನ ಬ್ಯಾಕ್‌ಗ್ರೌಂಡ್ ಜೋ ಎಕ್ಸಾಟಿಕ್: ಮುಂದೆ ಗಿಡ್ಡ ಹಿಂದೆ ಉದ್ದ ಬಿಟ್ಟ ಬಂಗಾರದ ಬಣ್ಣದ ಕೂದಲು, ಮಿರಿಮಿರಿ ಅಂಗಿ, ಪಕ್ಕದಲ್ಲೊಂದು ಹುಲಿ. ಎಲ್ಲರೂ ನಕ್ಕರು. ಆ ವಾರವೆಲ್ಲ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಕೊರೊನಾ ಬಿಟ್ರೆ ಇವನದೇ ಮೀಮು.

ನೋಡದವರಿಗಾಗಿ ಕಥೆ ಇಷ್ಟು. ಓಕ್ಲಹೋಮಾದ ವೈನ್‌ವುಡ್ ಅನ್ನೋ ಸಣ್ಣ ಊರಲ್ಲಿ ಜೋನ ಖಾಸಗಿ ಮೃಗಾಲಯ. ದುಡ್ಡು ಕೊಟ್ರೆ ಹುಲಿಮರಿ ಮುದ್ದಾಡಬಹುದು, ಫೋಟೊ ತೆಗೆಸ್ಕೋಬಹುದು. ಫ್ಲೋರಿಡಾದ ಟ್ಯಾಂಪಾದಲ್ಲಿ 'ಬಿಗ್ ಕ್ಯಾಟ್ ರೆಸ್ಕ್ಯೂ' ನಡೆಸ್ತಿದ್ದ ಕ್ಯಾರೊಲ್ ಬಾಸ್ಕಿನ್‌ಗೆ ಈ ದಂಧೆ ನಿಲ್ಲಿಸಬೇಕು. ಜೋ ತನ್ನ ಇಂಟರ್‌ನೆಟ್ ಶೋದಲ್ಲಿ ಆಕೆಯನ್ನು ಬಾಯಿಗೆ ಬಂದಂತೆ ಬೈತಾನೆ, ಆಕೆಯ ಬೊಂಬೆಗೆ ಗುಂಡು ಹೊಡೀತಾನೆ, ಕೊನೆಗೆ ಆಕೆಯ ಕೊಲೆಗೆ ಸುಪಾರಿ ಕೊಟ್ಟ ಕೇಸಿನಲ್ಲಿ ಸಿಕ್ಕಿಬೀಳ್ತಾನೆ. 2020ರ ಜನವರಿಯಲ್ಲಿ 22 ವರ್ಷ ಜೈಲು. ಎರಡು ವರ್ಷದ ಮೇಲೆ ಅದು 21 ಆಯ್ತು. ಮಧ್ಯದಲ್ಲಿ ಸೌತ್ ಕೆರೊಲೈನಾದ ಡಾಕ್ ಆಂಟ್ಲ್ ಅನ್ನೋ ಇನ್ನೊಬ್ಬ ಹುಲಿಸಾಹುಕಾರ. ಇವನು ಇಟ್ಕೊಂಡಿರೋ ಹೆಸರು ಭಗವಾನ್! ಆನೆ ಮೇಲೆ ಕೂತು ಬರೋ ಅವನನ್ನು ನೋಡಿ ನಮ್ಮನೇಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ರು.

ಸರಣಿ ಚೆನ್ನಾಗಿಲ್ಲ ಅಂತ ಹೇಳೋದಕ್ಕಾಗಲ್ಲ. ಎರಿಕ್ ಗೂಡ್ ಮತ್ತು ರೆಬೆಕಾ ಚೈಕ್ಲಿನ್ ಇದಕ್ಕಾಗಿ ವರ್ಷಗಟ್ಟಲೆ ಶೂಟ್ ಮಾಡಿದ್ದಾರೆ. ಗೂಡ್ ಹೊರಟಿದ್ದು ಹಾವು ಮಾರೋರ ಬಗ್ಗೆ. ಅಲ್ಲಿ ಹಾವು ಕೊಳ್ಳೋಕೆ ಬಂದವನೊಬ್ಬ ವ್ಯಾನಿನ ಬಾಗಿಲು ತೆಗೆದು ಒಳಗಿದ್ದ ಹಿಮಚಿರತೆ ತೋರಿಸ್ತಾನೆ, ಕಥೆ ಅಲ್ಲಿಂದ ಈ ಕಡೆ ತಿರುಗುತ್ತೆ. ಎಂಥಾ ಶುರು! ಇನ್ನು ಜೋ ಅಂತೂ ತನ್ನನ್ನು ತಾನೇ ವರ್ಷಾನುಗಟ್ಟಲೆ ಶೂಟ್ ಮಾಡಿಸ್ಕೊಂಡಿದ್ದವನು. ನಿರ್ದೇಶಕರು ಕ್ಯಾಮೆರಾ ಹಿಡ್ಕೊಂಡು ಹೋಗೋ ಹೊತ್ತಿಗೆ ನಟ ರೆಡಿ ಇದ್ದ.

2022ರ ಡಿಸೆಂಬರ್‌ನಲ್ಲಿ 'ಬಿಗ್ ಕ್ಯಾಟ್ ಪಬ್ಲಿಕ್ ಸೇಫ್ಟಿ ಆಕ್ಟ್'ಗೆ ಬೈಡನ್ ಸಹಿ ಹಾಕಿದ ಸುದ್ದಿ ಓದಿದೆ. ಇನ್ನು ಮುಂದೆ ಅಮೆರಿಕದಲ್ಲಿ ಹುಲಿ ಸಿಂಹಗಳನ್ನು ಮನೆಪ್ರಾಣಿ ಥರ ಇಟ್ಕೊಳ್ಳೋಹಾಗಿಲ್ಲ, ಮರಿ ಮುದ್ದಾಡಿಸಿ ದುಡ್ಡು ಮಾಡೋಹಾಗಿಲ್ಲ. ಕ್ಯಾರೊಲ್ ವರ್ಷಗಳಿಂದ ಕೇಳ್ತಿದ್ದದ್ದು ಇದನ್ನೇ. ಓದಿದ ಮೇಲೆ ಒಂದು ವಿಷಯ ಕಿರಿಕಿರಿ ಮಾಡೋಕೆ ಶುರುವಾಯ್ತು. ಜೋನ ಕೂದಲು ನೆನಪಿದೆ, ಅವನ ಹಾಡು ನೆನಪಿದೆ (ಅದನ್ನೂ ಹಾಡಿದ್ದು ಬೇರೆಯವರು, ಇವನು ಬರೀ ತುಟಿ ಆಡಿಸಿದ್ದು). ಆದ್ರೆ ಅಷ್ಟು ಹುಲಿಗಳಲ್ಲಿ ಒಂದರ ಹೆಸರೂ ನಂಗೆ ನೆನಪಿಲ್ಲ. ಸರಿ, ಇನ್ನೊಂದ್ಸಲ ನೋಡೋಣ ಅಂತ ಕೂತೆ.

ಸರಣಿಯ ಪೂರ್ತಿ ಹೆಸರಿನಲ್ಲೇ 'ಮರ್ಡರ್' ಇದೆ. ಕೋರ್ಟಿನಲ್ಲಿ ಸಾಬೀತಾದದ್ದನ್ನು ನೋಡಿದ್ರೆ ಸತ್ತವರು ಯಾರು? ಕ್ಯಾರೊಲ್ ಬದುಕಿದ್ದಾರೆ. ಸುಪಾರಿ ಯಾವುದೂ ಕೆಲಸ ಮಾಡಲಿಲ್ಲ. ಸತ್ತದ್ದು ಐದು ಹುಲಿ. 2017ರ ಅಕ್ಟೋಬರ್‌ನಲ್ಲಿ ಜೋ ಅವನ್ನು ಗುಂಡಿಟ್ಟು ಕೊಂದ. ಬೇರೆ ಪ್ರಾಣಿಗಳಿಗೆ ಬೋನು ಖಾಲಿ ಬೇಕಿತ್ತು, ಅಷ್ಟೇ ಕಾರಣ. ಆಮೇಲೆ ತನಿಖೆಯವರು ನೆಲ ಅಗೆದು ಮೂಳೆ ತೆಗೆದರು. ಆರೋಪಪಟ್ಟಿಯಲ್ಲಿ ಹೆಸರೂ ಇವೆ: ಸ್ಯಾಮ್ಸನ್, ಡಿಲೈಲಾ, ಲಾರೆನ್, ಟ್ರಿನಿಟಿ, ಕಡಲ್ಸ್. ಅವನ ಮೇಲೆ ಸಾಬೀತಾದ 19 ಆರೋಪಗಳಲ್ಲಿ ಸುಪಾರಿಯದ್ದು ಎರಡು, ಪ್ರಾಣಿಗಳಿಗೆ ಸಂಬಂಧಿಸಿದ್ದು 17. ಸರಣಿಯಲ್ಲಿ ಈ ಲೆಕ್ಕ ತಲೆಕೆಳಗು. ಎರಡಕ್ಕೆ ಏಳು ಕಂತು, ಹದಿನೇಳಕ್ಕೆ ಒಂದಿಷ್ಟು ನಿಮಿಷ.

ಒಂದು ದೃಶ್ಯ ಇದೆ. ಹುಲಿ ಆಗಷ್ಟೇ ಮರಿ ಹಾಕಿದೆ. ಜೋ ಬೇಲಿಯ ಈಚೆಯಿಂದ ಕೋಲು ತೂರಿಸಿ ಮರಿಯನ್ನು ತನ್ನ ಕಡೆಗೆ ಎಳ್ಕೊಳ್ತಾನೆ. ಕಣ್ಣು ಬಿಡದ ಮರಿ ಕೂಗ್ತಿದೆ. ಮೊದಲ ಸಲ ನೋಡಿದಾಗ ನಾನು ಆ ಹೊತ್ತಲ್ಲಿ ಫೋನ್ ನೋಡ್ತಿದ್ದೆನೋ ಏನೋ, ನೆನಪೇ ಇರಲಿಲ್ಲ. ಈ ಸಲ ಹಿಂದಕ್ಕೆ ಹಾಕಿ ಮೂರು ಸಲ ನೋಡಿದೆ. ಕ್ಯಾಮೆರಾ ತಾಯಿಯ ಕಡೆ ತಿರುಗುತ್ತಾ ಅಂತ ಕಾದೆ. ಕ್ಯಾಮೆರಾಗೆ ಬೇಕಾಗಿದ್ದು ಜೋನ ಮಾತು.

ಈ ವ್ಯಾಪಾರದ ಲೆಕ್ಕ ಸರಳ. ಮರಿಯನ್ನು ಜನರ ಕೈಗೆ ಕೊಡೋಕಾಗೋದು ಸುಮಾರು ಮೂರು ತಿಂಗಳು ತುಂಬೋ ತನಕ. ಆಮೇಲೆ ಹಲ್ಲು, ಉಗುರು, ತೂಕ. ವರಮಾನ ನಿಂತು ಖರ್ಚು ಶುರು. ಅದಕ್ಕೇ ಹೊಸ ಮರಿ ಬರ್ತಾನೇ ಇರಬೇಕು. ಬೆಳೆದದ್ದು ಬೋನಿಗೆ, ಇಲ್ಲ ಮಾರಾಟಕ್ಕೆ, ಇಲ್ಲ ಗುಂಡಿಗೆ. ಸರಣಿ ಇದನ್ನು ಹೇಳುತ್ತೆ, ಇಲ್ಲ ಅಂತಲ್ಲ. ಆದ್ರೆ ಹೇಳ್ತಾ ಹೇಳ್ತಾ ಮನುಷ್ಯರ ವಿಷಯದಲ್ಲಿ ತಾನೂ ಅದನ್ನೇ ಮಾಡುತ್ತೆ. ಜೋನ ಗಂಡ ಟ್ರಾವಿಸ್ ತನ್ನದೇ ಪಿಸ್ತೂಲಿನ ಗುಂಡು ತಗುಲಿ ಸತ್ತಾಗ ಎದುರಿಗೆ ಕೂತಿದ್ದವನ ಮುಖವನ್ನು ಸಿಸಿಟಿವಿಯಲ್ಲಿ ನಮಗೆ ತೋರಿಸುತ್ತೆ. ಯಾಕೆ ತೋರಿಸಬೇಕಿತ್ತು? ನಮ್ಮ ಕೈಗೊಂದು ಕೊಡುತ್ತೆ, ಮುದ್ದಾಡಿಸುತ್ತೆ, ಫೋಟೊ ಆದಮೇಲೆ ಮುಂದಿನದು.

ಸ್ಯಾಫ್‌ದೂ ಅದೇ ಕಥೆ. ಹುಲಿ ಕೈ ಕಚ್ಚಿದ ಮೇಲೆ, ವರ್ಷಗಟ್ಟಲೆ ಆಪರೇಷನ್ ಬೇಡ, ಕೈ ತೆಗೆದುಬಿಡಿ ಅಂತ ಹೇಳಿ ವಾರದೊಳಗೆ ಕೆಲಸಕ್ಕೆ ಬಂದವನು. ಮೃಗಾಲಯಕ್ಕೆ ಕೆಟ್ಟ ಹೆಸರು ಬರಬಾರದಲ್ಲ! ಆ ಮನೆಯಲ್ಲಿ ನಿಜಕ್ಕೂ ಹುಲಿಗಳಿಗಾಗಿ ದುಡಿದ ಕೆಲವರಲ್ಲಿ ಒಬ್ಬ. ಅವನು ಟ್ರಾನ್ಸ್ ಗಂಡಸು. ಸರಣಿ ಮಾತ್ರ ಹಳೇ ಹೆಸರು ಹಾಕಿ ಹೆಂಗಸು ಅಂತ ತೋರಿಸ್ತು. (ಕನ್ನಡದಲ್ಲಾಗಿದ್ರೆ 'ಅವರು' ಅಂದು ತಪ್ಪಿಸ್ಕೋಬಹುದಿತ್ತು.) 

ಕ್ಯಾರೊಲ್ ವಿಷಯಕ್ಕೆ ಬಂದ್ರೆ ನಂಗೆ ನಾಚಿಕೆ ಆಗುತ್ತೆ. ಆಕೆಯ ಹಿಂದಿನ ಗಂಡ ಡಾನ್ ಲೂಯಿಸ್ 1997ರ ಆಗಸ್ಟ್‌ನಲ್ಲಿ ಕಾಣೆಯಾದ. ಇವತ್ತಿಗೂ ಪತ್ತೆ ಇಲ್ಲ. ಕ್ಯಾರೊಲ್ ಮೇಲೆ ಯಾವತ್ತೂ ಆರೋಪ ದಾಖಲಾಗಿಲ್ಲ. ಸರಣಿ ಒಂದು ಇಡೀ ಕಂತನ್ನು ಈ ಅನುಮಾನಕ್ಕೆ ಕೊಡುತ್ತೆ. ಗಂಡನನ್ನು ಹುಲಿಗೆ ಹಾಕಿದಳು ಅನ್ನೋ ಜೋನ ಹಾಡಿನ ವೀಡಿಯೋನೂ ಅದರಲ್ಲಿ ಸಾಕ್ಷಿಯ ಹಾಗೆ ಓಡುತ್ತೆ. ಆಕೆ ವಿಚಿತ್ರ ಹೆಂಗಸೇ, ಸರಿ. ಮೈಮೇಲೆಲ್ಲ ಚಿರತೆ ಪ್ರಿಂಟು, ತಲೆ ಮೇಲೆ ಹೂವಿನ ಕಿರೀಟ, ಹಿಂದೆ ತಾನೂ ಪ್ರಾಣಿ ಕೊಂಡು ಸಾಕಿದವಳು. ಆದ್ರೆ ಸುಪಾರಿ ಕೊಟ್ಟು ಜೈಲಿಗೆ ಹೋದವನು ನಮ್ಮ ಪ್ರೀತಿಯ ಹೀರೊ ಆದ, ಸುಪಾರಿಗೆ ಗುರಿಯಾದವಳು ಕೊಲೆಗಾತಿ ಆದಳು. ನಮ್ಮ ಗ್ರೂಪ್‌ನಲ್ಲಿ 'ಗಂಡನನ್ನು ತಿನ್ನಿಸಿದವಳು' ಅನ್ನೋ ಸ್ಟಿಕರ್ ಮಾಡಿ ಹಂಚಿದ್ದು ನಾನೇ. ಈಗ ಡಿಲೀಟ್ ಮಾಡೋಣ ಅಂತ ಹುಡುಕಿದ್ರೆ ಇನ್ನೂ ಮೂರು ಗ್ರೂಪ್‌ಗಳಲ್ಲಿ ಓಡಾಡ್ತಿದೆ.

ಬಿಳಿ ಹುಲಿ ಬಗ್ಗೆ ಒಂದು ಮಾತು, ಯಾಕಂದ್ರೆ ಅದು ನಮ್ಮ ಕಡೆಯ ವಿಷಯವೂ ಹೌದು. ಆಂಟ್ಲ್ ಹೆಮ್ಮೆಯಿಂದ ತೋರಿಸೋ ಬಿಳಿ ಹುಲಿ ಬೇರೆ ಜಾತಿಯೇನಲ್ಲ. 1951ರಲ್ಲಿ ರೀವಾದ ಮಹಾರಾಜರು ಕಾಡಿನಲ್ಲಿ ಹಿಡಿಸಿದ ಮೋಹನ್ ಅನ್ನೋ ಮರಿಯಿಂದ ಈ ವಂಶ ಬೆಳೆದದ್ದು. ಬಿಳಿ ಮರಿ ಬೇಕು ಅಂತ ಅವನನ್ನು ಅವನ ಮಗಳ ಜೊತೆಗೇ ಕೂಡಿಸಿದರು. ಹಾಗೆ ಹುಟ್ಟಿದ ಮೋಹಿನಿ 1960ರಲ್ಲಿ ವಾಷಿಂಗ್ಟನ್‌ಗೆ ಹೋದಳು. ಡೊಂಕು ಬೆನ್ನಿನಂಥ ತೊಂದರೆಗಳು ಈ ರಕ್ತಸಂಬಂಧದ ಫಲ. ನಾನು ಚಿಕ್ಕವನಿದ್ದಾಗ ಬನ್ನೇರುಘಟ್ಟದಲ್ಲಿ ಬಿಳಿ ಹುಲಿ ಕಂಡ ತಕ್ಷಣ ಸಫಾರಿ ಬಸ್ಸಿನವರೆಲ್ಲ ಒಂದೇ ಕಿಟಕಿಗೆ ಮುಗಿಬಿದ್ದಿದ್ವಿ. ಏಳು ಕಂತಿನಲ್ಲಿ ಮೋಹನನಿಗೆ ಐದು ನಿಮಿಷ ಕೊಟ್ಟಿದ್ರೆ ಏನು ಹೋಗ್ತಿತ್ತು?

ಎರಡನೇ ಸೀಸನ್ 2021ರ ನವೆಂಬರ್‌ನಲ್ಲಿ ಬಂತು. ಸಮಯ ಹಾಳು ಮಾಡ್ಕೋಬೇಡಿ.

ಮೊದಲನೆಯದನ್ನು ನೋಡಬಹುದಾ ಅಂತ ಮೊನ್ನೆ ಒಬ್ಬ ಗೆಳೆಯ ಕೇಳಿದ. ನೋಡು ಅಂದೆ, ಕೊನೆಯ ಕಂತನ್ನು ಬಿಡಬೇಡ. ಅದರಲ್ಲಿ ಜೋ ಜೈಲಿನಿಂದ ಫೋನಿನಲ್ಲಿ ಮಾತಾಡ್ತಾನೆ. ಅವನ ಹತ್ರ ಎರಡು ಚಿಂಪಾಂಜಿ ಇದ್ವು, ಅಕ್ಕಪಕ್ಕದ ಬೋನಿನಲ್ಲಿ, ಸುಮಾರು ಹತ್ತು ವರ್ಷ. ಫ್ಲೋರಿಡಾದ ಆಶ್ರಯಧಾಮಕ್ಕೆ ಹೋದಮೇಲೆ ಅವೆರಡೂ ಒಂದನ್ನೊಂದು ಅಪ್ಪಿಕೊಂಡ್ವಂತೆ. ಅಷ್ಟು ವರ್ಷ ಅದನ್ನು ತಪ್ಪಿಸಿದ್ದು ನಾನೇ ಅಂತ ಅವನೇ ಒಪ್ಕೊಳ್ತಾನೆ. ದನಿಯಲ್ಲಿ ನಾಟಕ ಇಲ್ಲ. ಆ ಮಾತು ಮುಗಿದ ಮೇಲೆ ಸರಣಿ ಅಲ್ಲಿ ಹೆಚ್ಚು ಹೊತ್ತು ನಿಲ್ಲೋದೂ ಇಲ್ಲ. ರಿಮೋಟ್ ಕೈಯಲ್ಲಿಟ್ಕೊಂಡಿರು ಅಂತ ಗೆಳೆಯನಿಗೆ ಹೇಳಿದ್ದೀನಿ.